ಷರಾ

ಚೌಕಿಪೇಟೆಯ ಸಂದಿ, ಗುಂಡಿ-ಲೇಸಿನ ಅಂಗಡಿಯ ಮೇಲೆ,
ಹನ್ನೊಂದು ಮೆಟ್ಟಿಲು ಹತ್ತಿದರೆ ನನ್ನ ಮಿಷನ್ನು.
ಅಳತೆ ಬರೆಯುವ ಪುಸ್ತಕ, ಮುಚ್ಚಿಹೋದ ಹತ್ತಿ ಮಿಲ್ಲಿನದು:
ಮುಂದಿನ ಅರ್ಧ ಅಪ್ಪನ ಪಾಳಿಯವರ ಹಾಜರಿ,
ಹಿಂದಿನ ಅರ್ಧ ಊರ ಹೆಂಗಸರ
ಎದೆ, ಸೊಂಟ, ತೋಳು, ಕೊರಳಿನ ಆಳ.

ಹುಕ್ಕು-ಕಾಜಾ ಹಾಕಲು ಬಂದವಳು ಮುಬೀನಾ.
ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ
ಒಂದು ಮಧ್ಯಾಹ್ನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು
ಫೋನಿಗೆ ಇಳಿಸತೊಡಗಿದಳು:
ಹೆಸರು, ನಂಬರು, ಏರಿಯಾ, ಕೊನೆಯ ಸಲ ಬಂದ ತಾರೀಕು,
"ಹುಟ್ಟಿದ ದಿನ ಯಾಕ ಬರ್ಕೊಂಡಿಲ್ಲ ಚಂಪಕ್ಕ?"
ಕೇಳಿಲ್ಲ ನೋಡು. ಸೊಂಟದ ಸುತ್ತಿಗೆ ಅದು ಬೇಕಾಗಿರಲಿಲ್ಲ.

ಕೊನೆಯ ಕಾಲಂ ಷರಾ.
ಅಲ್ಲಿ ಅವಳ ಬೆರಳು ನಿಂತಿತು.
ಚುಕ್ಕೆ, ಅರ್ಧಚಂದ್ರ, ಎರಡು ಗೀಟು. "ಇವೇನಿವು?"
ಚುಕ್ಕೆ ಅಂದರೆ ದುಡ್ಡು ತಡ, ಆದರೆ ಬರುತ್ತದೆ.
ಅರ್ಧಚಂದ್ರ ಅಂದರೆ ಒಳಗೆ ಎರಡಿಂಚು ಬಟ್ಟೆ ಬಿಡು,
ಅತ್ತೆಗೆ ಇನ್ನೂ ಹೇಳಿಲ್ಲ.
ಎರಡು ಗೀಟು ಅಂದರೆ ಬಿಲ್ಲು ಎರಡು,
ಮನೆಗೊಂದು, ನಿಜದ್ದೊಂದು.
ಮುಬೀನಾ ನಕ್ಕಳು, ಆಮೇಲೆ ನಗಲಿಲ್ಲ.
"ಇದನ್ನೂ ಇಳಿಸಲಾ?"
ಬೇಡ. ಅದು ಪೆನ್ಸಿಲಿನಲ್ಲೇ ಇರಲಿ.

ಪಿ.ಬಿ. ರಸ್ತೆಯ ಹೊಸ ಶೋರೂಮಿನ ಹುಡುಗ
ಟೈ ಸಡಿಲಿಸುತ್ತ ಮೆಟ್ಟಿಲು ಹತ್ತಿ ಬಂದ.
"ನಂಬರು ಕೊಡ್ರಿ ಸಾಕು, ಹೆಸರಿಗೆ ಮೂರು ರೂಪಾಯಿ.
ಸೈಜೂ ಇದ್ರ ಐದು."
ಸಾವಿರದ ಇನ್ನೂರು ಹೆಸರು. ಸುಳ್ಳೇಕೆ, ಗುಣಿಸಿದೆ:
ಎರಡು ತಿಂಗಳ ಬಾಡಿಗೆ.
ಆಮೇಲೆ ಅವನನ್ನೇ ನೋಡಿ ಹೇಳಿದೆ:
ನಿನ್ನ ಎಡಹೆಗಲು ಒಂದು ನೂಲು ಇಳಿದೈತಿ ತಮ್ಮಾ,
ಸಣ್ಣವನಿದ್ದಾಗ ಬಿದ್ದಿದ್ದೇನು?
ಅವನು ಹೆಗಲು ಮುಟ್ಟಿಕೊಂಡ.
ಇದನ್ನ ಎಷ್ಟಕ್ಕೆ ಕೊಡಲಿ, ಯಾರಿಗೆ?
ಇಳಿದು ಹೋದ. ಚಾ ಕುಡಿದೇ ಹೋದ.

ಆದರೂ ದೀಪಾವಳಿ ಹತ್ತಿರ, ಹ್ಯಾಂಗರು ಖಾಲಿ.
"ಆರು ತಿಂಗಳಿಂದ ಬಾರದವರು" ಅಂತ ಒತ್ತಿದಳು ಮುಬೀನಾ:
ನಲವತ್ತೊಂದು. ಪರದೆಯ ಮೇಲೆ ಸಾಲಾಗಿ,
ಅಪ್ಪನ ಪುಟಗಳ ಗೈರುಹಾಜರಿಯ ಹಾಗೆ.
ನಿಟುವಳ್ಳಿಯ ಗಿರಿಜಾಂಬ, ಪೈಪಿಂಗಿನ ಬಣ್ಣಕ್ಕೆ ಜಗಳ.
ಹರಿಹರಕ್ಕೆ ಮನೆ ಬದಲಿಸಿದ ರುಕ್ಸಾನಾ.
ಚೂಡಿದಾರಕ್ಕೆ ಒಗ್ಗಿಹೋದ ಪೋಸ್ಟಾಫೀಸಿನ ವಾಗ್ದೇವಿ.
ಕೆ.ಟಿ.ಜೆ. ನಗರದ ಸರ್ವಮಂಗಳ... ಗೊತ್ತಿಲ್ಲ.
"ಮಿಸ್ ಮಾಡ್ಕೊಳ್ತಿದ್ದೀವಿ ಅಂತ ಹಾಕಲಾ? ಎಲ್ಲಾರೂ ಹಾಕ್ತಾರ."
ನೆನಪಾದಿರಿ ಅಂತ ಹಾಕು ಅಂದೆ.
ಹೊಲಿಗೆಯಲ್ಲಿ ಹತ್ತು ಪರ್ಸೆಂಟು ಕಡಿತ.
ಒತ್ತಿದಳು. ನಲವತ್ತೊಂದು ಮನೆಯವರನ್ನು
ನಾನು ಒಂದೇ ಉಸಿರಿಗೆ ನೆನೆದುಬಿಟ್ಟೆ;
ಅಷ್ಟು ಅಗ್ಗವಾಗಿ ನೆನೆದದ್ದಕ್ಕೆ
ಸ್ವಲ್ಪ ನಾಚಿಕೆಯೂ ಆಯಿತು.

ಬಂದವರು ಒಂಬತ್ತು.
ಗಿರಿಜಾಂಬ ಜಗಳ ಮುಂದುವರಿಸಲು ಬಂದು
ಮೂರು ಹೊಲಿಯಲು ಹಾಕಿದಳು.
"ನನ್ನ ನಂಬರು ತೆಗೀರಿ" ಅಂತ ಇಬ್ಬರು ಬೈದರು; ತೆಗೆದೆವು.
ಸರ್ವಮಂಗಳ ಬಂದದ್ದು ಬಾಗಿಲು ಹಾಕುವ ಹೊತ್ತಿಗೆ,
ಸೆರಗನ್ನು ಎರಡೂ ಹೆಗಲಿಗೆ ಹೊದ್ದು.
"ನೆನಪಾದಿರಿ ಅಂದಿದ್ರಲ್ಲ.
ನಿಮ್ಮ ಪುಸ್ತಕದಾಗ ನಾನಿನ್ನೂ ಹಳೇ ಅಳತೆಯಾಕೀನ?"

ಪರದೆ ಎಳೆದೆ. ಹೆಗಲಿನಿಂದ ಟೇಪು ಇಳಿಬಿಟ್ಟೆ.
ಬಲಕ್ಕೆ ಎಂದಿನಂತೆ.
ಎಡಕ್ಕೆ, ಟೇಪು ಚಪ್ಪಟೆಯಾಗಿ
ಪಕ್ಕೆಲುಬಿನ ಮೇಲೆ ಮಲಗಿತು.
ಅವಳು ಗೋಡೆಯ ಕ್ಯಾಲೆಂಡರು ಓದುತ್ತಿದ್ದಳು.
ಎರಡು ಪದರ ಹತ್ತಿ ಇಡಲಾ, ಅಂದೆ.
"ಒಂದೂವರೆ," ಅಂದಳು. "ಭಾರ ಆಗಬಾರದು."

ಹೊರಗೆ ಮುಬೀನಾ ಫೋನು ಹಿಡಿದು ಕಾದಿದ್ದಳು.
ನಂಬರು ಅದೇ, ಏರಿಯಾ ಅದೇ, ಇವತ್ತಿನ ತಾರೀಕು.
"ಷರಾ?"
ನಾನು ಪೆನ್ಸಿಲು ಚೂಪು ಮಾಡುತ್ತಿದ್ದೆ.
ಬುಧವಾರ ಕೊಡಬೇಕು ಅಂತ ಬರಿ.